ಎಡಕ್ಕೆ ಅಗಲಿಸಿದ ಕಿಂಡಿ

"ಉಜ್ಜಿರೋದು ಚೆನ್ನಾಗೇ ಉಜ್ಜಿದಾರೆ ಮೇಡಂ. ಆದ್ರೆ ತಪ್ಪು ಕಡೆ ಉಜ್ಜಿದಾರೆ."

ಎಂಜಿನ್ ಪರೀಕ್ಷಕ ಉದ್ದಕ್ಕೆ ಸೀಳಿದ ಸಿಲಿಂಡರನ್ನು ಮೇಜಿನ ಮೇಲೆ ಮಲಗಿಸಿ, ಅದರ ಗೋಡೆಯಲ್ಲಿದ್ದ ಕಿಂಡಿಯ ಅಂಚಿಗೆ ಪೆನ್ಸಿಲ್ಲಿನ ತುದಿ ಮುಟ್ಟಿಸಿದ. ಎದುರಿಗೆ ನಿಂತಿದ್ದ ಹೆಂಗಸು ಕನ್ನಡಕವನ್ನು ಹಣೆಗೇರಿಸಿಕೊಂಡು ಬಗ್ಗಿದಳು.

ಅವಳಿಗೆ ಜಿಗಣೆ ಎಂದು ಹೆಸರಿಟ್ಟವರು ಪೊಲೀಸ್ ಇಲಾಖೆಯ ಅವಳ ಸಹೋದ್ಯೋಗಿಗಳೇ. ಕಚ್ಚಿದರೆ ಬಿಡುವವಳಲ್ಲ ಎಂದು. ನಿವೃತ್ತಿಯಾದ ಮೇಲೆ ಜೀಪು ಹೋಯಿತು, ಸಲಾಮು ಹೊಡೆಯುವವರು ಹೋದರು, ಹೆಸರಿಟ್ಟವರೂ ಫೋನು ಮಾಡುವುದನ್ನು ಬಿಟ್ಟರು. ಹೆಸರೊಂದು ಮಾತ್ರ ಮೈಗಂಟಿಕೊಂಡು ಉಳಿಯಿತು. ಈಗ ಅವಳು ವಕೀಲರಿಗಾಗಿ ಸುಳಿವು ಹುಡುಕುತ್ತಾಳೆ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಊರಿನವರ ಗೋಳು ನೋಡುವುದು ವಾಸಿ ಎನ್ನುತ್ತಾಳೆ.

ಬೆಟ್ಟದ ರಸ್ತೆಯ ಪಂದ್ಯದಲ್ಲಿ ಗಾಳಿಪಟ ಎಂಬ ಅಡ್ಡಹೆಸರಿನ ಸವಾರ ಓಡಿಸುತ್ತಿದ್ದ ಬೈಕಿನ ಎಂಜಿನ್ ಕಚ್ಚಿಕೊಂಡು, ಹಿಂದಿನ ಚಕ್ರ ಬಿಗಿದು, ಅವನು ತಿರುವಿನ ಗೋಡೆಗೆ ಬಡಿದು ಸತ್ತಿದ್ದ. ಎಂಜಿನ್ ಸಿದ್ಧಮಾಡಿದ ಮೇಸ್ತ್ರಿ ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಂಡು ಲಾಕಪ್ಪಿನಲ್ಲಿ ಕೂತಿದ್ದ. ನಾಳೆ ಬೆಳಿಗ್ಗೆ ನ್ಯಾಯಾಧೀಶರ ಮುಂದೆಯೂ ಅದನ್ನೇ ಹೇಳುತ್ತಾನಂತೆ. ಅವನ ವಕೀಲ ಮಾತ್ರ ಅದನ್ನು ನಂಬದೆ ಜಿಗಣೆಯನ್ನು ಹಚ್ಚಿದ್ದ.

"ನನಗೆ ಎಂಜಿನ್ ಅಂದ್ರೆ ಕೀಲಿ ತಿರುಗಿಸಿದ್ರೆ ಸದ್ದು ಮಾಡೋದು, ಅಷ್ಟೇ," ಎಂದಳು ಜಿಗಣೆ. "ಬಿಡಿಸಿ ಹೇಳಪ್ಪ."

"ಇದು ಎಕ್ಸಾಸ್ಟ್ ಪೋರ್ಟು. ಷೆಡ್ಡುಗಳಲ್ಲಿ ಬರೀ ಕಿಂಡಿ ಅಂತಾರೆ. ಸಿನಿಮಾ ಬಿಟ್ಟಾಗ ನೋಡಿದೀರಲ್ಲ? ಒಳಗಿರೋರು ಆಚೆ ಹೋಗದೆ ಮುಂದಿನ ಆಟದವರು ಒಳಗೆ ಬರೋಕಾಗಲ್ಲ. ಇಲ್ಲೂ ಅಷ್ಟೇ. ಉರಿದ ಹೊಗೆ ಈ ಕಿಂಡಿಯಿಂದ ಎಷ್ಟು ಚುರುಕಾಗಿ ಹೊರಗೆ ಬೀಳುತ್ತೋ ಅಷ್ಟು ಚೆನ್ನಾಗಿ ಹೊಸ ಪೆಟ್ರೋಲು, ಗಾಳಿ ಒಳಗೆ ಬರುತ್ತೆ."

"ಹಾಗಾದ್ರೆ ಬಾಗಿಲು ದೊಡ್ಡದು ಮಾಡಿದ್ರೆ ಮುಗೀತಲ್ಲ."

"ಹಾಗಂದ್ಕೊಂಡೇ ಎಲ್ಲರೂ ಎಂಜಿನ್ ಕೆಡಿಸಿಕೊಳ್ಳೋದು!" ಪರೀಕ್ಷಕನಿಗೆ ಉತ್ಸಾಹ ಬಂತು. ಅವನ ಕೋಣೆಗೆ ಬಂದು ಇಷ್ಟು ಹೊತ್ತು ಕಿವಿಗೊಟ್ಟವರು ಬಹುಶಃ ಯಾರೂ ಇರಲಿಲ್ಲ. "ಮೇಲಂಚು ಎತ್ತರಿಸಿದ್ರೆ ಕಿಂಡಿ ಬೇಗ ತೆರೆಯುತ್ತೆ. ಜೋರಾಗಿ ಓಡುವಾಗ ಶಕ್ತಿ ಸಿಗುತ್ತೆ. ಆದ್ರೆ ಏರು ಹತ್ತುವಾಗ ಎಳೆಯೋ ಕಸುವು ಹೋಗುತ್ತೆ. ಬೆಟ್ಟದ ಪಂದ್ಯಕ್ಕೆ ಅದಾಗಲ್ಲ. ಅದಕ್ಕೇ ಎತ್ತರದ ತಂಟೆಗೆ ಹೋಗದೆ ಅಗಲ ಜಾಸ್ತಿ ಮಾಡ್ತಾರೆ. ಅದಕ್ಕೂ ಒಂದು ಮಿತಿ ಇದೆ. ಒಳಗೆ ಮೇಲೆ ಕೆಳಗೆ ಆಡೋ ಪಿಸ್ಟನ್ ಸುತ್ತ ಇರೋ ಉಕ್ಕಿನ ರಿಂಗು ಸದಾ ಆಚೆಗೆ ಒತ್ತುತ್ತಾ ಇರುತ್ತೆ. ಕಿಂಡಿ ತೀರಾ ಅಗಲವಾದ್ರೆ ಅದು ಉಬ್ಬಿ ಅಂಚಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ಮೂಲೆ ದುಂಡಗಿರಬೇಕು, ಮೇಲಂಚು ಸ್ವಲ್ಪ ಕಮಾನಾಗಿರಬೇಕು, ಅಂಚು ನುಣ್ಣಗಿರಬೇಕು."

"ಇದು ಹಾಗಿಲ್ವಾ?"

"ಇದೆ! ಅದೇ ತಮಾಷೆ. ಮುಟ್ಟಿ ನೋಡಿ, ಬೆಣ್ಣೆ ಹಾಗಿದೆ." ಅವನು ಮುರಿದ ರಿಂಗಿನ ಚೂರನ್ನು ಎತ್ತಿ ಹಿಡಿದ. "ಈ ರಿಂಗು ಪೂರ್ತಿ ಸುತ್ತು ಇರಲ್ಲ. ಒಂದು ಕಡೆ ಸೀಳಿರುತ್ತೆ, ಒಡೆದ ಬಳೆ ಥರ ಎರಡು ತುದಿ. ಆ ತುದಿಗಳು ಜಾಗ ಬಿಟ್ಟು ಅಲ್ಲಾಡದ ಹಾಗೆ ಪಿಸ್ಟನ್ನಿಗೆ ಒಂದು ಸಣ್ಣ ಮೊಳೆ ಹೊಡೆದಿರ್ತಾರೆ. ಈ ಎಂಜಿನ್ನಲ್ಲಿ ಆ ತುದಿ ಕೂರೋದು ಕಿಂಡಿಯ ಎಡಮಗ್ಗುಲಿಗೆ. ಹಾಗಾಗಿ ಅಗಲ ಮಾಡೋದಾದ್ರೆ ಬಲಕ್ಕೆ ಮಾತ್ರ ಮಾಡಬೇಕು. ಎಡಗಡೆ ಮುಟ್ಟಬಾರದು. ಇಲ್ಲಿ ಎಡಕ್ಕೇ ಉಜ್ಜಿದಾರೆ. ಮೆಲ್ಲಗೆ ಓಡಿಸಿದ್ರೆ ಕರಕರ ಅಂತ ಸದ್ದು ಬಂದು ಗೊತ್ತಾಗೋದು. ಜೋರಾಗಿ ಬಿಟ್ಟಾಗ ತುದಿ ಕಿಂಡಿಯೊಳಗೆ ಹಾರಿ ಸಿಕ್ಕಿಕೊಂಡಿದೆ. ಅಲ್ಲಿಗೆ ಮುಗೀತು."

"ಮೇಸ್ತ್ರಿಗೆ ಇದು ಗೊತ್ತಿರಲಿಲ್ಲ ಅಂತೀಯಾ?"

"ಅವರು ಉಜ್ಜಿದ ಹಳೇ ಸಿಲಿಂಡರುಗಳು ನನ್ನ ಹತ್ರಾನೇ ಇವೆ. ಎಲ್ಲಾ ಬಲಕ್ಕೇ. ಒಂದೂ ತಪ್ಪಿಲ್ಲ." ಪರೀಕ್ಷಕ ತಲೆ ಕೆರೆದುಕೊಂಡ. "ಕೈ ಮಾತ್ರ ಅವರದ್ದೇ ಮೇಡಂ. ಅದೇ ಕಮಾನು, ಅದೇ ಮೂಲೆ, ಅದೇ ನುಣುಪು. ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಅದಲುಬದಲಾಗಿದೆ."

ಜಿಗಣೆ ಸಿಲಿಂಡರಿನ ಅರ್ಧವನ್ನು ಕೇಳಿ ಪಡೆದು, ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

ದಾರಿಯುದ್ದಕ್ಕೂ ಅವಳ ತಲೆ ಗಿರಣಿಯ ಹಾಗೆ ತಿರುಗುತ್ತಿತ್ತು. ಇಷ್ಟು ದಿನ ಅವಳ ಸಂಶಯವಿದ್ದದ್ದು ಮೇಸ್ತ್ರಿಯ ಪಕ್ಕದ ಬೀದಿಯ ಬೈಕ್ ಷೋರೂಮಿನ ಧಣಿಯ ಮೇಲೆ. ಮೇಸ್ತ್ರಿಯ ಎಂಜಿನ್ನುಗಳ ಮುಂದೆ ಸೋತು ಸುಣ್ಣವಾದವನು ಅವನು. ನಿನ್ನೆ ಅವನ ಮುಂದೆ ಹೋಗಿ ನಿಂತಾಗ, ಕೇಳುವ ಮೊದಲೇ "ನಾನು ಆ ಷೆಡ್ಡಿಗೆ ಕಾಲೇ ಇಟ್ಟಿಲ್ಲ ರೀ" ಎಂದು ಬೆವರಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಆದರೆ ಅವನ ಕೆಲಸಗಾರರು ಕಿಂಡಿ ಕೊರೆಯುವುದು ಯಂತ್ರದಲ್ಲಿ. ಕೈಯಲ್ಲಿ ಅರ ಹಿಡಿದು ಉಜ್ಜಲು ಅವರಲ್ಲಿ ಒಬ್ಬನಿಗೂ ಬರುವುದಿಲ್ಲ. ಅವನು ಬೆವರಿದ್ದು ಬರೀ ಹೇಡಿತನಕ್ಕೆ.

ಮೇಸ್ತ್ರಿ ಯಾರಿಗೂ ವಿದ್ಯೆ ಕಲಿಸಿದವನಲ್ಲ. ಷೆಡ್ಡಿಗೆ ಕೆಲಸದಾಳನ್ನು ಇಟ್ಟುಕೊಂಡವನಲ್ಲ. ಹಾಗಿದ್ದಮೇಲೆ ಅವನ ಕೈ ಇನ್ನೊಬ್ಬರಿಗೆ ಬಂದದ್ದು ಹೇಗೆ?

ಷೆಡ್ಡು ಮನೆಯ ಹಿಂಭಾಗದಲ್ಲಿತ್ತು. ತಗಡಿನ ಸೂರು, ಎಣ್ಣೆ ಕುಡಿದು ಕಪ್ಪಾದ ನೆಲ, ಒಂದೇ ಕಿಟಕಿ. ನಡುವೆ ಉದ್ದನೆಯ ಮರದ ಮೇಜು, ಮೇಜಿನ ಮಧ್ಯಕ್ಕೆ ಬಿಗಿದ, ಸಾಮಾನು ಕಚ್ಚಿ ಹಿಡಿಯುವ ವೈಸು. ಅದರ ಒಂದು ಬದಿಗೆ ಕಬ್ಬಿಣದ ಸ್ಟೂಲು, ಇನ್ನೊಂದು ಬದಿಗೆ ಮಗುಚಿ ಹಾಕಿದ ಮರದ ಪೆಟ್ಟಿಗೆ. ಸ್ಟೂಲಿನ ಮೇಲೆ ಮಡಿಸಿದ ಗೋಣಿತಟ್ಟು ಇತ್ತು. ಪೆಟ್ಟಿಗೆಯ ಮೇಲೆ ಏನೂ ಇರಲಿಲ್ಲ.

ಬಾಗಿಲು ತೆರೆದವಳು ಮೇಸ್ತ್ರಿಯ ತಂಗಿ. ತಲೆಯಲ್ಲಿ ಬಿಳಿಗೂದಲು ಇಣುಕುತ್ತಿದ್ದರೂ ಊರಿಗೆಲ್ಲ ಅವಳು ಇನ್ನೂ ಪುಟ್ಟಿಯೇ. ಅಪ್ಪ ಅಮ್ಮ ಹೋದ ಮೇಲೆ ಅಣ್ಣನೇ ಸಾಕಿದ್ದು. ಅವನೂ ಮದುವೆಯಾಗಲಿಲ್ಲ, ಅವಳಿಗೂ ಮಾಡಲಿಲ್ಲ. ಇಷ್ಟು ದಿನ ಜಿಗಣೆ ಬಂದಾಗಲೆಲ್ಲ ಅವಳು ಕೇಳಿದ್ದಕ್ಕೆ ಹ್ಞೂಂ, ಉಹೂಂ ಎಂದು ಬಾಗಿಲಲ್ಲೇ ನಿಂತಿರುತ್ತಿದ್ದಳು.

"ಮತ್ತೆ ಬಂದ್ರಾ ಮೇಡಂ? ಕೂತ್ಕೊಳ್ಳಿ. ಚಹಾ ಇಡ್ತೀನಿ."

"ಇಡಮ್ಮ. ಬೆಳಿಗ್ಗೆಯಿಂದ ಒಬ್ಬರೂ ಒಂದು ಲೋಟ ನೀರು ಬೇಕಾ ಅಂತ ಕೇಳಿಲ್ಲ."

ತಮಾಷೆಗೆಂದು ಆಡಿದ ಮಾತು. ಆಡಿದ ಮೇಲೆ ಅದು ನಿಜವೆನಿಸಿ ಜಿಗಣೆಗೆ ಒಂಥರಾ ಆಯಿತು. ಬೆಳಿಗ್ಗೆಯಿಂದ ಎಂದೇನು, ಕೆಲಸವಿಲ್ಲದೆ ಅವಳೊಡನೆ ಯಾರಾದರೂ ಮಾತಾಡಿ ಎಷ್ಟು ಕಾಲವಾಯಿತೋ ಅವಳಿಗೇ ನೆನಪಿರಲಿಲ್ಲ.

ಅವಳು ಮೇಸ್ತ್ರಿಯ ಸ್ಟೂಲಿನ ಮೇಲೆ ಕೂತು, ಚೀಲದಿಂದ ಸಿಲಿಂಡರಿನ ಅರ್ಧವನ್ನು ತೆಗೆದು ವೈಸಿಗೆ ಬಿಗಿದಳು. ಮೇಜಿನ ಮೇಲಿದ್ದ ಅರವೊಂದನ್ನು ಎತ್ತಿಕೊಂಡು, ಬಲಕ್ಕೆ ಉಜ್ಜುವ ಹಾಗೆ ಗಾಳಿಯಲ್ಲಿ ಆಡಿಸಿದಳು. ಬೆಳಕು ಸಾಲದು. ಕಿಂಡಿಯೊಳಗೆ ಕತ್ತಲೆ.

ಚಹಾ ತಂದ ಪುಟ್ಟಿ ಲೋಟವನ್ನು ಮೇಜಿನ ಮೇಲಿಟ್ಟು, ಎದುರಿನ ಪೆಟ್ಟಿಗೆಯ ಮೇಲೆ ಕೂತಳು. ಕೂತವಳೇ ಕೆಳಗೆ ಕೈಚಾಚಿ, ಉದ್ದ ವೈರಿನ ಕೈದೀಪವನ್ನು ಎತ್ತಿ, ಹೊತ್ತಿಸಿ, ಕಿಂಡಿಗೆ ಹಿಡಿದಳು. ಹಿಡಿದದ್ದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

ಜಿಗಣೆ ಅರವನ್ನು ಬಲಕ್ಕೆ ಸರಿಸಿದಳು. ದೀಪವೂ ಅದರ ಹಿಂದೆಯೇ ಸರಿಯಿತು. ಜಿಗಣೆಯ ಬಲಕ್ಕೆ. ಪುಟ್ಟಿಯ ಎಡಕ್ಕೆ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ ಎಂದುಕೊಂಡಳು ಜಿಗಣೆ. ಸುಮ್ಮನೆ ಅರವನ್ನು ಕೆಳಗಿಟ್ಟು ಚಹಾ ಗುಟುಕರಿಸಿದಳು. ಸಕ್ಕರೆ ಹೆಚ್ಚಾಗಿತ್ತು.

"ಎಷ್ಟು ವರ್ಷದಿಂದ ದೀಪ ಹಿಡೀತಿದೀಯ ಪುಟ್ಟಿ?"

"ಶಾಲೆ ಬಿಟ್ಟಾಗಿನಿಂದ. ಅಣ್ಣನಿಗೆ ನಾನೇ ಹಿಡೀಬೇಕು. ಬೇರೆಯವರು ಹಿಡಿದ್ರೆ ನೆರಳು ಬೀಳುತ್ತೆ ಅಂತಾನೆ."

"ಮಾತಾಡ್ತಾ ಇದ್ರಾ ಇಬ್ಬರೂ?"

"ಕೆಲಸ ಮಾಡುವಾಗ ಮಾತಾಡಿದ್ರೆ ಅವನಿಗೆ ಆಗಲ್ಲ." ಅವಳು ಸ್ವಲ್ಪ ಯೋಚಿಸಿದಳು. "ಕೆಲಸ ಇಲ್ಲದಾಗ ಮಾತೇ ಇರ್ತಿರಲಿಲ್ಲ."

"ಒಂದು ಸಲ ಈ ಸ್ಟೂಲಿನ ಮೇಲೆ ಬಂದು ಕೂತ್ಕೋ, ನೋಡೋಣ."

"ಅಯ್ಯೋ, ಬೇಡ. ಅದು ಅಣ್ಣನ ಜಾಗ. ನಾನು ಯಾವತ್ತೂ ಅಲ್ಲಿ ಕೂತಿಲ್ಲ."

"ಕಿಂಡಿ ಉಜ್ಜುವಾಗಲೂ ಆ ಪೆಟ್ಟಿಗೆ ಮೇಲೇ ಕೂತಿದ್ದೆ, ಅಲ್ವಾ? ಸಿಲಿಂಡರನ್ನ ನಿನ್ನ ಕಡೆಗೆ ತಿರುಗಿಸಿಕೊಂಡು?"

ಪುಟ್ಟಿ ದೀಪವನ್ನು ಆರಿಸಿ ತೊಡೆಯ ಮೇಲಿಟ್ಟುಕೊಂಡಳು.

"ನೀನು ನಿನ್ನಣ್ಣನ ಕೈಯನ್ನ ಎದುರಿಗೆ ಕೂತು ಕಲಿತೆ," ಎಂದಳು ಜಿಗಣೆ ಮೆಲ್ಲಗೆ. "ಅವನ ಬಲ ನಿನಗೆ ಎಡ. ನೀನು ಕಣ್ಣಲ್ಲಿ ಕಂಡಿದ್ದನ್ನೇ ಮಾಡಿದೆ. ಒಂದು ಕೂದಲಷ್ಟೂ ತಪ್ಪದೆ ಮಾಡಿದೆ. ಕಡೆ ಮಾತ್ರ ಬೇರೆಯಾಯ್ತು."

ಪುಟ್ಟಿ ವೈಸಿನಲ್ಲಿದ್ದ ಕಿಂಡಿಯನ್ನು ನೋಡಿದಳು. ಪೆಟ್ಟಿಗೆಯಿಂದ ಎದ್ದು, ಮೇಜನ್ನು ಬಳಸಿ ಬಂದು, ಜಿಗಣೆಯ ಬೆನ್ನ ಹಿಂದೆ ನಿಂತು ನೋಡಿದಳು. ಅಣ್ಣ ನೋಡುತ್ತಿದ್ದ ಬದಿಯಿಂದ ಅವಳು ಅದನ್ನು ನೋಡಿದ್ದು ಅದೇ ಮೊದಲು. ಬಾಯಿಗೆ ಸೆರಗು ಒತ್ತಿಕೊಂಡಳು.

"ರಿಂಗು ಮುರೀತು ಅಂದ್ರು. ಯಾಕೆ ಅಂತ ಯಾರೂ ಹೇಳಲಿಲ್ಲ," ಎಂದಳು. "ನನ್ನ ಕೈಯಿಂದಾನೇ ಏನೋ ಆಗಿದೆ ಅಂತ ಮಾತ್ರ ಗೊತ್ತಿತ್ತು. ಬಾಯಿ ಬಿಟ್ರೆ ನನ್ನ ಹೆಣ ನೋಡ್ತೀಯ ಅಂತ ಅಣ್ಣ ಆಣೆ ಹಾಕಿಸಿಕೊಂಡಿದ್ದ ಅಕ್ಕ."

ಮೇಡಂ ಹೋಗಿ ಅಕ್ಕ ಆದದ್ದನ್ನು ಜಿಗಣೆ ಗಮನಿಸಿದಳು. ತನಿಖೆಯಲ್ಲಿ ಇಂಥದ್ದಕ್ಕೆಲ್ಲ ಕರಗಬಾರದು. ಕರಗಿದಳು.

"ಯಾಕೆ ಉಜ್ಜೋಕೆ ಹೋದೆ?"

"ಅವರು ಕೇಳಿದ್ರು."

"ಗಾಳಿಪಟನಾ? ಉಜ್ಜಿಕೊಡು ಅಂತ ಕೇಳಿದ್ನಾ?"

"ಉಹೂಂ. 'ಇಷ್ಟು ವರ್ಷ ನೋಡಿದೀಯಲ್ಲ, ನಿನಗೂ ಬರುತ್ತಾ?' ಅಂತ ಕೇಳಿದ್ರು. ಅಷ್ಟೇ." ಪುಟ್ಟಿ ಕಣ್ಣೊರೆಸಿಕೊಂಡಳು. "ನನಗೆ ಏನು ಬರುತ್ತೆ ಅಂತ ಅಲ್ಲಿತನಕ ಯಾರೂ ಕೇಳಿರಲಿಲ್ಲ. ಷೆಡ್ಡಿಗೆ ಬಂದವರೆಲ್ಲ ಅಣ್ಣನ ಜೊತೆ ಮಾತಾಡಿ ಹೋಗ್ತಿದ್ರು. ಇವರು ಮಾತ್ರ ನನ್ನ ಕಡೆಗೂ ಒಂದು ಸಲ ತಿರುಗಿ ಮಾತಾಡೋರು. ಅಣ್ಣ ಸಾಮಾನು ತರೋಕೆ ಪಕ್ಕದ ಊರಿಗೆ ಹೋಗಿದ್ದಾಗ, ಪಂದ್ಯಕ್ಕೆ ಅಂತ ತೆಗೆದಿಟ್ಟಿದ್ದ ಸಿಲಿಂಡರನ್ನ ನಾನೇ ಉಜ್ಜಿದೆ. ಗೆದ್ದ ಮೇಲೆ ಹೇಳೋಣ, ಬೆರಗಾಗ್ತಾರೆ ಅಂತ ಇದ್ದೆ."

"ಅವನಿಗೂ ನಿನಗೂ…"

"ಪಂದ್ಯ ಮುಗಿದ ಮೇಲೆ ಮದುವೆ ಆಗೋದು ಅಂತಿತ್ತು. ರಿಜಿಸ್ಟ್ರಿ. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷ ಆಗಿತ್ತು. ಅವರದ್ದೂ ನನ್ನ ಹಾಗೇ, ಮನೆಗೆ ಹೋದ್ರೆ ಮಾತಿಲ್ಲ."

ಜಿಗಣೆಗೆ ಒಂದು ಕ್ಷಣ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಕಳಕೊಂಡವಳ ಮೇಲೆ ಹೊಟ್ಟೆಕಿಚ್ಚು! ನಾಚಿಕೆಗೇಡು ಎಂದು ತನಗೆ ತಾನೇ ಬೈದುಕೊಂಡಳು. ಆದರೂ, ಕಳಕೊಳ್ಳುವುದಕ್ಕಾದರೂ ಇವಳಿಗೆ ಒಬ್ಬನಿದ್ದ.

"ನಿನ್ನಣ್ಣನಿಗೆ ಗೊತ್ತಿತ್ತಾ?"

"ಪಂದ್ಯಕ್ಕೆ ಒಂದು ವಾರ ಇದ್ದಾಗ ಇಬ್ಬರೂ ಸೇರಿ ಹೇಳಿದ್ವಿ. ಏನೂ ಅನ್ನಲಿಲ್ಲ. 'ದೀಪ ಯಾರು ಹಿಡೀತಾರೆ ಹಾಗಾದ್ರೆ?' ಅಂದ. ನಾವಿಬ್ಬರೂ ನಕ್ವಿ."

ಜಿಗಣೆಯೂ ನಕ್ಕಳು. ಅವಳಿಗೆ ಹಗುರವಾಗಿತ್ತು. ಬೇಕಾದದ್ದು ಕೈಗೆ ಸಿಕ್ಕಿತ್ತು. ಇದು ಕೊಲೆಯಲ್ಲ, ಪ್ರೀತಿಯಿಂದ ಆದ ಕೈತಪ್ಪು. ಒಳ್ಳೆಯ ವಕೀಲ ನಿಂತರೆ ಪುಟ್ಟಿಗೂ ದೊಡ್ಡ ಶಿಕ್ಷೆಯಾಗುವುದಿಲ್ಲ, ಮೇಸ್ತ್ರಿಯೂ ಮನೆಗೆ ಬರುತ್ತಾನೆ. ತಂಗಿಯ ತಪ್ಪನ್ನು ತಲೆಯ ಮೇಲೆ ಹೊತ್ತ ಅಣ್ಣ. ನಾಳೆ ಪತ್ರಿಕೆಗಳಿಗೆ ಹಬ್ಬದೂಟ.

ಉಳಿದದ್ದು ಸಣ್ಣಪುಟ್ಟ ವಿವರ. ಹಳೆಯ ಅಭ್ಯಾಸ, ಕೇಳದೆ ಏಳಲಾಗದು.

"ಆ ಸಿಲಿಂಡರನ್ನ ಬೈಕಿಗೆ ಜೋಡಿಸಿದ್ದು ಯಾರು? ನೀನೇನಾ?"

"ಜೋಡಿಸೋಕೆ ನನಗೆಲ್ಲಿ ಬರುತ್ತೆ! ಅಣ್ಣನೇ."

"ಅವಸರದಲ್ಲಿ ಇದ್ನೇನೋ. ನೋಡದೇ ಜೋಡಿಸಿಬಿಟ್ಟ."

"ನೋಡದೇನಾ?" ಪುಟ್ಟಿಗೆ ಅಣ್ಣನನ್ನು ಹೀಗಳೆದಂತಾಯಿತು. "ನಮ್ಮಣ್ಣ ಕಿಂಡಿಯೊಳಗೆ ಬೆರಳಾಡಿಸದೆ ಒಂದು ಸಿಲಿಂಡರನ್ನೂ ಎತ್ತಿದವನಲ್ಲ. ಅವತ್ತೂ ಆಡಿಸಿದ. ತುಂಬಾ ಹೊತ್ತು ಆಡಿಸಿದ. ಆಮೇಲೆ ಕಿಟಕಿ ಹತ್ರ ಒಯ್ದು ನೋಡಿದ. ನನ್ನ ಎದೆ ಡವಡವ ಅಂತಿತ್ತು ಅಕ್ಕ. ಬೈತಾನೆ, ಎಸೀತಾನೆ ಅಂದ್ಕೊಂಡೆ."

ಜಿಗಣೆ ಲೋಟವನ್ನು ಮೇಜಿನ ಮೇಲಿಟ್ಟಳು.

"ಬೈದ್ನಾ?"

"ಇಲ್ಲ." ಪುಟ್ಟಿಯ ಮುಖದಲ್ಲಿ ಇಷ್ಟು ದಿನ ಕಾಣದ ಬೆಳಕೊಂದು ಬಂತು. "ಯಾರು ಉಜ್ಜಿದ್ದು ಅಂತ ಕೂಡ ಕೇಳಲಿಲ್ಲ. ನನ್ನ ಮುಖ ನೋಡಿದ. 'ಕೈ ಕೂತಿದೆ ಕಣೇ ಪುಟ್ಟಿ' ಅಂದ. ಜನ್ಮದಲ್ಲಿ ಅವನು ನನ್ನನ್ನ ಹೊಗಳಿದ್ದು ಅದೊಂದೇ ಸಲ. ಈಗ ನೆನೆಸಿಕೊಂಡ್ರೆ ಅಳು ಬರುತ್ತೆ."

"ಆಮೇಲೆ?" ಎಂದಳು ಜಿಗಣೆ.

"ಆಮೇಲೇನು, ಜೋಡಿಸಿಕೊಟ್ಟ. ಹೊಸದಾಗಿ ಉಜ್ಜಿದ ಎಂಜಿನ್ನನ್ನ ಮೊದಲು ಮೆಲ್ಲಗೆ ಓಡಿಸಿ ಪಳಗಿಸಬೇಕು. ಎಂಥಾ ಅವಸರ ಇದ್ರೂ ಅಣ್ಣ ಬಿಡ್ತಿರಲಿಲ್ಲ, ಸವಾರರ ಜೊತೆ ಜಗಳಾನೇ ಆಡೋನು. ಅವತ್ತು ಅವರು ಬಂದು, 'ಒಂದು ಸುತ್ತು ಮೆಲ್ಲಗೆ ಓಡಿಸಿಕೊಂಡು ಬರ್ಲಾ ಮೇಸ್ತ್ರೀ?' ಅಂತ ಕೇಳಿದ್ರು. ಅಣ್ಣ ಬೇಡ ಅಂದ. 'ಇದಕ್ಕೆ ಅದೆಲ್ಲ ಬೇಕಾಗಿಲ್ಲ. ನಾಳೆ ಬೆಟ್ಟದಲ್ಲೇ ಮೊದಲ ಸಲ ಚಾಲೂ ಮಾಡು, ಪೂರ್ತಿ ಬಿಡು' ಅಂದ. ನನ್ನ ಕೆಲಸದ ಮೇಲೆ ಅಷ್ಟು ನಂಬಿಕೆ ಅವನಿಗೆ."

ಷೆಡ್ಡಿನ ಹೊರಗೆ ಯಾರದೋ ಸೈಕಲ್ಲಿನ ಗಂಟೆ ಕೇಳಿತು. ಬೀದಿಯಲ್ಲಿ ಮಕ್ಕಳು ಚೆಂಡಿಗಾಗಿ ಕಿತ್ತಾಡುತ್ತಿದ್ದರು.

ಮೇಸ್ತ್ರಿಯ ಬೆರಳಿಗೆ ಗೊತ್ತಾಗದೇ ಇರುತ್ತದೆಯೇ? ಮುಟ್ಟಿದ ಮರುಕ್ಷಣವೇ ಗೊತ್ತಾಗಿರುತ್ತದೆ. ಎಡಕ್ಕೆ ಅಗಲವಾಗಿದೆ, ರಿಂಗು ಸಿಕ್ಕಿಕೊಳ್ಳುತ್ತದೆ, ಜೋರಾಗಿ ಬಿಟ್ಟರೆ ಆಳು ಉಳಿಯುವುದಿಲ್ಲ ಎಂದು ಗೊತ್ತಾಗಿ, ಕಿಟಕಿಯ ಬೆಳಕಿಗೆ ಹಿಡಿದು ಖಾತ್ರಿ ಮಾಡಿಕೊಂಡು, ತಂಗಿಯ ಮುಖ ನೋಡಿ, ಹೊಗಳಿ, ಜೋಡಿಸಿದ. ಸದ್ದು ಬಂದು ಗೊತ್ತಾದೀತೆಂದು ಮೆಲ್ಲಗೆ ಓಡಿಸಿ ನೋಡಲೂ ಬಿಡಲಿಲ್ಲ. ಅವನು ಆ ಕಿಂಡಿಯನ್ನು ಮುಟ್ಟಿ ಉಜ್ಜಬೇಕಾದ ಪ್ರಮೇಯವೇ ಬರಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು. ಖಾಲಿ ಪೆಟ್ಟಿಗೆಯ ಎದುರು ಒಬ್ಬನೇ ಕೂತು ಕೆಲಸ ಮಾಡಬೇಕಾಗುತ್ತದಲ್ಲ ಎಂಬ ಒಂದು ಭಯಕ್ಕೆ ಅವನು ಒಬ್ಬ ಮನುಷ್ಯನನ್ನು ಬೆಟ್ಟಕ್ಕೆ ಕಳಿಸಿದ.

ಆ ಭಯವನ್ನು ಜಿಗಣೆ ಬಲ್ಲಳು. ಅದಕ್ಕೇ ಅವಳಿಗೆ ಇನ್ನಷ್ಟು ಭಯವಾಯಿತು.

ಈಗ ಹೇಳಿದರೆ, ಈ ಹೆಂಗಸಿಗೆ ಲೋಕದಲ್ಲಿ ಉಳಿದಿರುವ ಒಬ್ಬನೂ ಇಲ್ಲವಾಗುತ್ತಾನೆ. ಹೇಳದಿದ್ದರೆ, ಕೊಂದವನನ್ನು ಬಿಡಿಸಲು ಇವಳು ತಾನಾಗಿ ಕತ್ತು ಕೊಡುತ್ತಾಳೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾಣತನಕ್ಕೆ ಇಲ್ಲಿ ಜಾಗವೇ ಇರಲಿಲ್ಲ.

"ಪುಟ್ಟಿ," ಎಂದಳು. "ಬೆರಳಾಡಿಸಿದ್ದು, ಪೂರ್ತಿ ಬಿಡು ಅಂದಿದ್ದು, ಇದನ್ನೆಲ್ಲ ಬೇರೆ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ. ಯಾರು ಕೇಳ್ತಾರೆ ನನ್ನನ್ನ?" ಪುಟ್ಟಿ ಆಗಲೇ ಎದ್ದು ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದ್ದಳು. ಇಷ್ಟು ದಿನ ಬಾಗಿಲಲ್ಲಿ ಕಂಬದಂತೆ ನಿಲ್ಲುತ್ತಿದ್ದವಳ ಕೈಕಾಲಿಗೆ ಎಲ್ಲಿಲ್ಲದ ಚುರುಕು ಬಂದಿತ್ತು. "ನಡೀರಿ ಅಕ್ಕ, ಈಗಲೇ ಸ್ಟೇಷನ್ನಿಗೆ ಹೋಗೋಣ. ಸಂಜೆ ತನಕ ಭೇಟಿಗೆ ಬಿಡ್ತಾರಂತೆ. ನಾನೇ ಉಜ್ಜಿದ್ದು ಅಂತ ಹೇಳಿಬಿಡ್ತೀನಿ. ಆಣೆಗೀಣೆ ಎಲ್ಲ ಆಮೇಲೆ ನೋಡ್ಕೊಳ್ಳೋಣ."

"ನಿಲ್ಲಮ್ಮ. ಒಂದು ನಿಮಿಷ ಕೂತ್ಕೋ. ನಿನ್ನ ಹತ್ರ ಒಂದು ಮಾತಿದೆ."

"ದಾರೀಲಿ ಹೇಳಿ." ಅವಳು ಅಂಗಳ ದಾಟಿ ಗೇಟಿನ ಚಿಲಕ ತೆಗೆಯುತ್ತಿದ್ದಳು. ಅಲ್ಲಿಂದಲೇ ತಿರುಗಿ ನಕ್ಕಳು. "ಪಾಪ, ಒಬ್ಬನೇ ಕೂತಿದಾನೆ ಅಲ್ಲಿ. ನನಗೆ ಎಷ್ಟೇ ವರ್ಷ ಜೈಲಾಗಲಿ, ಅದು ಮುಗಿದ ಮೇಲೆ ಇಲ್ಲಿಗೇ ಬರ್ತೀನಿ ಅಂತ ಹೇಳಬೇಕು ಅವನಿಗೆ. ಇನ್ನು ನಾನು ಅವನನ್ನ ಬಿಟ್ಟು ಎಲ್ಲಿಗೂ ಹೋಗಲ್ಲ."